ಕರಿಯುವವರು ಯಾವಾಗ ತಿನ್ನುವುದು?

ಲುಂಪಿಯಾ ಬಾಣಲೆಯಿಂದ ಹೊರಬಂದ ಮೇಲೆ ಗರಿಗರಿಯಾಗಿ ಉಳಿಯುವುದು ಹೆಚ್ಚೆಂದರೆ ಕಾಲು ಗಂಟೆ. ಮುಂಬಯಿಯ ಜುಲೈ ತಿಂಗಳಾದರೆ ಅಷ್ಟೂ ಇಲ್ಲ. ಆಮೇಲೆ ಅದು ಕೆಟ್ಟುಹೋಗುತ್ತದೆ ಅಂತಲ್ಲ. ತಿನ್ನಬಹುದು, ರುಚಿಯೂ ಇರುತ್ತದೆ, ಆದರೆ ಕಚ್ಚಿದಾಗ ಬರುವ ಆ ಸದ್ದು ಹೋಗಿರುತ್ತದೆ. ಆ ಸದ್ದಿಗಾಗಿಯೇ ತಾನೇ ಕೋಸು ಹೆಚ್ಚಿದ್ದು, ಹಾಳೆ ಬಿಡಿಸಿದ್ದು, ಒಂದು ಲೀಟರ್ ಎಣ್ಣೆ ಕಾಯಿಸಿದ್ದು. ಹಾಗಾಗಿ ಗರಿಗರಿ ತಿಂಡಿ ಮಾಡುವ ಪ್ರತಿ ಮನೆಯಲ್ಲೂ, ಯಾರೂ ಬಾಯಿಬಿಟ್ಟು ಕೇಳದಿದ್ದರೂ, ಒಂದು ಪ್ರಶ್ನೆ ಒಲೆಯ ಪಕ್ಕದಲ್ಲೇ ನಿಂತಿರುತ್ತದೆ: ಕರಿಯುವವರು ಯಾವಾಗ ತಿನ್ನುವುದು?

ಫಿಲಿಪೀನ್ಸ್‌ನವರ ತರಕಾರಿ ಲುಂಪಿಯಾವನ್ನು ಮನೆಯಲ್ಲಿ ಮಾಡುವ ಬಗ್ಗೆ ಈ ಬರಹ. ವಿಧಾನ ಹೇಳುತ್ತೇನೆ, ಅಳತೆಯನ್ನೂ ಹೇಳುತ್ತೇನೆ. ಆದರೆ ಮೊದಲೇ ನನ್ನ ಅಭಿಪ್ರಾಯವನ್ನು ಮೇಜಿನ ಮೇಲಿಟ್ಟುಬಿಡುವುದು ಒಳ್ಳೆಯದು. ಒಬ್ಬರೇ ಹೆಚ್ಚಿ, ಒಬ್ಬರೇ ಸುತ್ತಿ, ಒಬ್ಬರೇ ಕರಿದು ಉಳಿದವರಿಗೆ ಬಿಸಿಬಿಸಿ ಬಡಿಸುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಲುಂಪಿಯಾ ಮಾಡಬೇಡಿ. ಹೋಟೆಲಿಗೆ ಹೋಗಿ ಸ್ಪ್ರಿಂಗ್ ರೋಲ್ ತಿಂದು ಬನ್ನಿ.

ನನ್ನ ತಮ್ಮ ಸರಕು ಹಡಗಿನಲ್ಲಿ ಕೆಲಸ ಮಾಡುವವನು. ಇಂಜಿನ್ ರೂಮಿನವನು, ಅಡುಗೆಯವನಲ್ಲ. ಜಗತ್ತಿನ ಹಡಗುಗಳಿಗೆ ಅತಿ ಹೆಚ್ಚು ಕೆಲಸಗಾರರನ್ನು ಕಳಿಸುವ ದೇಶಗಳಲ್ಲಿ ಫಿಲಿಪೀನ್ಸ್ ಮುಂಚೂಣಿಯಲ್ಲಿದೆ, ಭಾರತವೂ ಮೊದಲ ಐದರೊಳಗೆ ಇದೆ. ಹಾಗಾಗಿ ಮುಂಬಯಿಯಿಂದ ಹೊರಡುವ ಹುಡುಗ, ಅವನು ರತ್ನಾಗಿರಿಯವನಿರಲಿ ಕುಂದಾಪುರದವನಿರಲಿ, ವರ್ಷದ ಬಹುಭಾಗ ಫಿಲಿಪಿನೋಗಳ ಜೊತೆಯಲ್ಲೇ ಉಂಡು ಮಲಗುತ್ತಾನೆ. 2020ರಲ್ಲಿ ಕೊರೊನಾ ಬಂದು ಬಂದರುಗಳು ಬಾಗಿಲು ಹಾಕಿದಾಗ, ಕರಾರು ಮುಗಿದರೂ ಇಳಿಯಲಾಗದೆ ಹಡಗಿನಲ್ಲೇ ಉಳಿದವರ ಸಂಖ್ಯೆ ಆ ವರ್ಷದ ಕೊನೆಗೆ ಸುಮಾರು 4 ಲಕ್ಷ ಎಂದು ಅಂತಾರಾಷ್ಟ್ರೀಯ ಸಾಗರ ಸಂಸ್ಥೆಯೇ ಹೇಳಿತ್ತು. ಆ 4 ಲಕ್ಷದಲ್ಲಿ ನನ್ನ ತಮ್ಮನೂ ಒಬ್ಬ. ಒಂಬತ್ತು ತಿಂಗಳಿಗೆಂದು ಹೋದವನು ಹದಿಮೂರು ತಿಂಗಳಾದ ಮೇಲೆ ಭಾಂಡುಪಿನ ನಮ್ಮ ಮನೆಗೆ ಬಂದ. ಬರುವಾಗ ಚಾಕಲೇಟು ತರುತ್ತಿದ್ದವನು ಆ ಸಲ ಒಂದು ಸೀಸೆ ತೆಂಗಿನ ವಿನೆಗರ್ ತಂದಿದ್ದ. ಮತ್ತೆ, ಹಿಂದೆಂದೂ ಅವನ ಬಾಯಲ್ಲಿ ಕೇಳದ ಒಂದು ಮಾತು: "ಭಾನುವಾರ ನಾನು ಅಡುಗೆ ಮಾಡ್ತೆ."

ಲುಂಪಿಯಾ ಫಿಲಿಪೀನ್ಸ್‌ನದ್ದಾದರೂ ಹೆಸರು ಚೀನಾದ್ದು. ಫೂಜಿಯನ್ ಕರಾವಳಿಯಿಂದ ಮನಿಲಾಕ್ಕೆ ವ್ಯಾಪಾರಕ್ಕೆ ಬಂದ ಹೊಕ್ಕಿಯೆನ್ ಮಾತಿನ ಚೀನೀಯರು ತಂದ ಪದ ಅದು. ಅವರಿಗೆಂದು ಸ್ಪೇನಿನವರು ಮನಿಲಾದಲ್ಲಿ 1594ರಲ್ಲಿ ಮಾಡಿಕೊಟ್ಟ ಬಿನೊಂಡೊ ಎಂಬ ಕೇರಿ ಇವತ್ತಿಗೂ ಇದೆ, ಜಗತ್ತಿನ ಅತ್ಯಂತ ಹಳೆಯ ಚೈನಾಟೌನ್ ಎಂಬ ಹೆಸರಿನೊಂದಿಗೆ. ಪದದ ಅರ್ಥ ಮೆತ್ತನೆಯ ತೆಳು ರೊಟ್ಟಿ ಎಂಬಂಥದ್ದು. ಗರಿಗರಿಗೆ ಹೆಸರಾದ ತಿಂಡಿಯ ಹೆಸರಿನಲ್ಲೇ ಮೆತ್ತಗೆ ಎನ್ನುವುದು ಅಡಗಿ ಕೂತಿದೆ. ಅದಕ್ಕೆ ಕಾರಣವೂ ಇದೆ: ಕರಿಯದೆ ಹಾಗೇ ತಿನ್ನುವ ಲುಂಪಿಯಾವೂ ಉಂಟು. ಮಾಂಸದ ಸಣ್ಣ ಲುಂಪಿಯಾಕ್ಕೆ ಶಾಂಘೈ ಎಂದು ಹೆಸರು. ಮೊಳಕೆ ಹೆಸರುಕಾಳು ತುಂಬಿದ್ದು ಟೋಗೆ. ಬಾಳೆಹಣ್ಣಿನ ಸೀಳಿನ ಜೊತೆ ಹಲಸಿನ ತೊಳೆ ಇಟ್ಟು, ಸಕ್ಕರೆ ಹಾಕಿ ಕರಿದದ್ದು ತುರೋನ್. ಬಾಳೆ, ಹಲಸು ಮತ್ತು ಬೆಲ್ಲದ ಬಣ್ಣದ ಸಕ್ಕರೆ. ಇದನ್ನು ತಮ್ಮ ವಿವರಿಸಿದಾಗ ಅಮ್ಮ, "ಅದ್ ನಮ್ ಬದಿಯದ್ದೇ ಅಲ್ದಾ?" ಎಂದಿದ್ದಳು. ಹಲಸಿನ ಮುಳ್ಕ ತಿಂದು ಬೆಳೆದವರಿಗೆ ಹಾಗನ್ನಿಸುವುದು ಸಹಜ.

ನಾವು ಮುಂಬಯಿಯವರಿಗೆ ಸ್ಪ್ರಿಂಗ್ ರೋಲ್ ಬಂದದ್ದು ಬೇರೆ ದಾರಿಯಿಂದ. ಈ ಊರಿನ ಚೀನೀ ಹೋಟೆಲುಗಳಿಂದ ಅದು ಹೊರಟು, ನಮ್ಮವರ ಉಡುಪಿ ಹೋಟೆಲುಗಳ ಮೆನು ಕಾರ್ಡಿಗೆ ಹತ್ತಿ ಕೂತಿತು. ಕೋಲ್ಕತ್ತದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ 1975ರಲ್ಲಿ ಇಲ್ಲಿನ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ ಚಿಕನ್ ಮಂಚೂರಿಯನ್ ಹುಟ್ಟಿಸಿದರು ಎನ್ನುತ್ತಾರೆ. ಅದಾದ ಮೇಲಿನ ದಶಕಗಳಲ್ಲಿ ಇಡ್ಲಿ-ವಡೆಯ ಹೋಟೆಲುಗಳೂ ಮೂಲೆಯಲ್ಲಿ ಒಂದು ದೊಡ್ಡ ಬೆಂಕಿಯ ಒಲೆ ಹಾಕಿ ಶೆಜ್ವಾನ್ ಎನ್ನಲು ಕಲಿತವು. ಕೊನೆಗೆ ಸ್ಪ್ರಿಂಗ್ ರೋಲ್ ದೋಸೆ ಎಂಬುದೂ ಹುಟ್ಟಿತು. ಅದನ್ನು ಹೀಗಳೆಯುವವರ ಸಾಲಿನಲ್ಲಿ ನಾನಿಲ್ಲ. ದೋಸೆಯೊಳಗೆ ನೂಡಲ್ಸ್ ಮತ್ತು ಕೋಸು ಇಟ್ಟು ಸುತ್ತಿ ಕತ್ತರಿಸಿ ಕೊಟ್ಟವನಿಗೆ ಗರಿಗರಿ ಹೊದಿಕೆ ಅಂದರೆ ಏನೆಂದು ಚೆನ್ನಾಗಿ ಗೊತ್ತಿತ್ತು.

ನನ್ನ ಅಪ್ಪಯ್ಯ ಅಂಥ ಒಂದು ಹೋಟೆಲಿನಲ್ಲಿದ್ದರು. ಫೋರ್ಟಿನ ಒಂದು ಹೋಟೆಲು, ಹೆಸರು ಬೇಡ. 1957ರಲ್ಲಿ ಹದಿನಾಲ್ಕರ ಹುಡುಗನಾಗಿ ಬಂದು ಮೇಜು ಒರೆಸಿ, ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ನಾಲ್ಕಕ್ಷರ ಕಲಿತು, ಕೊನೆಗೆ ಎಣ್ಣೆ ಬಾಣಲೆಯ ಮುಂದೆ ನಿಂತರು. ಮೂವತ್ತು ವರ್ಷ ಅಲ್ಲೇ ನಿಂತಿದ್ದರು. ದಿನಕ್ಕೆ ಎಷ್ಟು ವಡೆ ಅಂತ ಕೇಳಿದರೆ, "ಲೆಕ್ಕ ಮಾಲೀಕರ ಹತ್ರ ಇತ್ತ್" ಎನ್ನುತ್ತಿದ್ದರು. ಅಂಥವರು ಮನೆಯಲ್ಲಿ ಒಂದು ದಿನ ಒಲೆ ಹಚ್ಚಿದ್ದನ್ನು ನಾನು ನೋಡಿರಲಿಲ್ಲ. ಮುಂಬಯಿಯ ಉಡುಪಿ ಹೋಟೆಲಿನ ಅಡುಗೆಮನೆಯ ತುಂಬ ಗಂಡಸರು. ಅವರ ಕೈರುಚಿಯಿಂದಲೇ ಈ ನಗರ ಬೆಳಗಿನ ತಿಂಡಿ ತಿಂದದ್ದು. ಅದೇ ಗಂಡಸರು ಮನೆಗೆ ಬಂದರೆ ಚಹಾಕ್ಕೂ ಕಾಯುತ್ತಾರೆ. ಅಪ್ಪಯ್ಯನನ್ನು ದೂರಲೆಂದು ಇದನ್ನು ಬರೆಯುತ್ತಿಲ್ಲ. ಹದಿನಾಲ್ಕು ಗಂಟೆ ಎಣ್ಣೆಯ ಹೊಗೆ ಕುಡಿದು ಬಂದವರಿಗೆ ಮನೆಯ ಬಾಣಲೆ ನೋಡಿದರೆ ಹೇಗಾಗುತ್ತದೆ ಎಂದು ಈಗ ನನಗೂ ಗೊತ್ತಾಗುತ್ತದೆ.

ಹಾಗಾಗಿ ಮನೆಯಲ್ಲಿ ಕರಿಯುವುದು ಅಮ್ಮನ ಪಾಲು. ಚಾಳಿನ ಒಂದೇ ಕೋಣೆ, ಮೂಲೆಯಲ್ಲಿ ಸೀಮೆಎಣ್ಣೆ ಸ್ಟವ್, ಮಳೆಗಾಲದ ಸಂಜೆ ನೀರುಳ್ಳಿ ಬಜೆ. ನಾವು ನಾಲ್ಕು ಮಕ್ಕಳು, ಅಪ್ಪಯ್ಯನ ರಜೆಯಾದರೆ ಅವರು, ಊರಿಂದ ಬಂದು ಕೆಲಸ ಹುಡುಕುತ್ತಿರುವ ಯಾರಾದರೂ ಒಬ್ಬ ಮಾವ. ಒಂದು ಕಂತು ಬಂದೊಡನೆ ಖಾಲಿ. "ನೀವ್ ತಿನ್ನಿ, ನಾ ಕಡೆಗ್ ತಿಂತೆ" ಎಂಬ ಅವಳ ಮಾತು ಸ್ಟವ್‌ನ ಸದ್ದಿನಷ್ಟೇ ಪರಿಚಿತ. ಎಲ್ಲ ಮುಗಿದ ಮೇಲೆ ತಟ್ಟೆಯ ತಳದಲ್ಲಿ ಉಳಿದ ಮೂರು ತುಂಡು, ಒಡೆದದ್ದು, ಹೆಚ್ಚು ಕೆಂಪಾದದ್ದು, ಆಗಲೇ ಮೆತ್ತಗಾದದ್ದು ಅವಳಿಗೆ. ಅವಳಿಗೆ ಅದೇ ಇಷ್ಟ ಎಂದು ನಾವು ತುಂಬ ವರ್ಷ ನಂಬಿದ್ದೆವು.

ಇದನ್ನು ನಿಮ್ಮಲ್ಲಿ ಕೆಲವರು ಈಗಾಗಲೇ ಆಕ್ಷೇಪಿಸುತ್ತಿರಬಹುದು. ಬಡಿಸಿ ಆಮೇಲೆ ತಿನ್ನುವುದು ಪ್ರೀತಿ, ಅದಕ್ಕೂ ಲೆಕ್ಕ ಹಾಕುತ್ತೀರಾ ಎಂದು. ಪ್ರೀತಿಯೇ ಇರಬಹುದು. ಆದರೆ ಅನ್ನ ಸಾರು ಒಂದು ಗಂಟೆ ತಡವಾಗಿ ಉಂಡರೂ ಅನ್ನ ಸಾರೇ. ಗರಿಗರಿ ತಿಂಡಿ ಹಾಗಲ್ಲ, ತಡವಾದರೆ ಅದು ಬೇರೆಯೇ ತಿಂಡಿ. ಅಂದರೆ ಅಮ್ಮ ಮಾಡಿದ ಬಜೆಯನ್ನು ಅಮ್ಮ ಒಂದು ಸಲವೂ ತಿಂದಿರಲಿಲ್ಲ ಎಂದೇ ಲೆಕ್ಕ. ಇನ್ನೊಂದು ಮಾತನ್ನು ಅವಳೇ ಹೇಳುತ್ತಿದ್ದಳು: ಅಷ್ಟು ಹೊತ್ತು ಎಣ್ಣೆಯ ಮುಂದೆ ನಿಂತರೆ ಹಸಿವೇ ಸತ್ತುಹೋಗುತ್ತದೆ ಎಂದು. ಹಸಿವಿಲ್ಲ ಎನ್ನುವುದನ್ನು ನಾವು ಬೇಡ ಎಂದು ಕೇಳಿಸಿಕೊಂಡೆವು.

ಗರಿಗರಿಯ ಶತ್ರು ನೀರು. ಇಷ್ಟು ಗೊತ್ತಾದರೆ ಲುಂಪಿಯಾದ ಅರ್ಧ ವಿದ್ಯೆ ಬಂದಂತೆ. ಹಾಳೆ ತೆಳು, ಬಿಸಿ ಎಣ್ಣೆಗೆ ಬಿದ್ದ ಕೂಡಲೇ ಅದರ ನೀರೆಲ್ಲ ಆವಿಯಾಗಿ ಹೋಗಿ ಹಿಟ್ಟು ಒಣಗಿ ಗಟ್ಟಿಯಾಗುತ್ತದೆ. ಆದರೆ ಒಳಗಿನ ಪಲ್ಯದ ನೀರು ಅಲ್ಲೇ ಇರುತ್ತದೆ, ಹೊರಗೆ ತೆಗೆದ ಕ್ಷಣದಿಂದ ಮೆಲ್ಲಗೆ ಒಣ ಹಾಳೆಯ ಕಡೆಗೆ ಹೊರಡುತ್ತದೆ. ಹೊರಗಡೆ ಮುಂಬಯಿಯ ಮಳೆಗಾಲದ ಗಾಳಿ. ಸಂಡಿಗೆಯನ್ನು ಹತ್ತು ನಿಮಿಷ ಹೊರಗಿಟ್ಟರೆ ಬಟ್ಟೆಯಂತೆ ಬಾಗುವ ಗಾಳಿ ಅದು. ಎರಡೂ ಕಡೆಯಿಂದ ನೀರು ಹತ್ತುತ್ತಿರುವಾಗ ನಮ್ಮ ಕೈಯಲ್ಲಿರುವುದು ಒಳಗಿನದ್ದನ್ನು ಕಡಿಮೆ ಮಾಡುವುದು, ಮತ್ತು ಬೇಗ ತಿನ್ನುವುದು.

ಮೂವತ್ತು ಲುಂಪಿಯಾಕ್ಕೆ ಅರ್ಧ ಕಿಲೋ ಕೋಸು, ಎರಡು ದೊಡ್ಡ ಗಜ್ಜರಿ, ಒಂದು ಹಿಡಿ ಬೀನ್ಸ್, ಒಂದು ಸಿಹಿಗೆಣಸು, ಕಾಲು ಕಿಲೋ ಮೊಳಕೆ ಹೆಸರುಕಾಳು, ಒಂದು ನೀರುಳ್ಳಿ, ಹತ್ತು ಎಸಳು ಬೆಳ್ಳುಳ್ಳಿ. ಮೊಳಕೆಯ ವಿಷಯದಲ್ಲಿ ಮುಂಬಯಿಯವರು ಅದೃಷ್ಟವಂತರು. ಉಸಳಿನ ಊರಾದ್ದರಿಂದ ಯಾವ ತರಕಾರಿಯವರ ಹತ್ತಿರವೂ ಸಿಗುತ್ತದೆ. ಮನಿಲಾದಲ್ಲಿ ಬಳಸುವುದು ಕತ್ತಲಲ್ಲಿಟ್ಟು ಬೆರಳುದ್ದ ಬೆಳೆಸಿದ ಬಿಳಿ ಮೊಳಕೆ. ನಮ್ಮದು ಅರ್ಧ ಇಂಚಿನದ್ದು. ನಡೆಯುತ್ತದೆ. ನನಗಂತೂ ನಮ್ಮದರಲ್ಲಿ ನೀರು ಕಡಿಮೆ ಇರುವುದೇ ಅನುಕೂಲ ಅನ್ನಿಸಿದೆ.

ಕೋಸನ್ನು ಸಣ್ಣಗೆ ಹೆಚ್ಚಿ ಒಂದು ಚಮಚ ಉಪ್ಪು ಹಾಕಿ ಅರ್ಧ ಗಂಟೆ ಬಿಡಿ, ಆಮೇಲೆ ಮುಷ್ಟಿಯಲ್ಲಿ ಹಿಂಡಿ. ಬರುವ ನೀರು ನೋಡಿದರೆ ಗಾಬರಿಯಾಗುತ್ತದೆ. ಸಿಹಿಗೆಣಸನ್ನು ಕಡ್ಡಿಯಂತೆ ಹೆಚ್ಚಿ ಬೇರೆಯಾಗಿಯೇ ಹುರಿದಿಡಬೇಕು. ಬೆಳ್ಳುಳ್ಳಿ, ನೀರುಳ್ಳಿ ಬಾಡಿಸಿ, ದೊಡ್ಡ ಉರಿಯಲ್ಲಿ ತರಕಾರಿಯನ್ನು ಎರಡು ಮೂರು ಕಂತಿನಲ್ಲಿ ಹುರಿಯಿರಿ. ಎಲ್ಲವನ್ನೂ ಒಟ್ಟಿಗೆ ಸುರಿದರೆ ಅದು ಹುರಿಯುವುದಿಲ್ಲ, ಬೇಯುತ್ತದೆ. ಒಂದು ಚಮಚ ಸೋಯಾ ಸಾಸ್, ಕಾಳುಮೆಣಸಿನ ಪುಡಿ, ಅಷ್ಟೇ. ಉಪ್ಪು ಕೋಸಿನಲ್ಲೇ ಇದೆ, ಸಾಸಿನಲ್ಲೂ ಇದೆ, ಇನ್ನು ಹಾಕಬೇಡಿ. ಫಿಲಿಪೀನ್ಸ್‌ನಲ್ಲಿ ಕೆಲವರು ಹೆಸರುಕಾಳಿನ ಪಿಷ್ಟದಿಂದ ಮಾಡಿದ ಗಾಜಿನಂಥ ಶಾವಿಗೆಯನ್ನು ಇದರಲ್ಲಿ ಸೇರಿಸುತ್ತಾರೆ, ನೀರು ಹೀರಲಿ ಎಂದು. ನಾನು ತೆಳು ಅವಲಕ್ಕಿಯನ್ನು ಹುರಿದು ಕೈಯಲ್ಲಿ ಪುಡಿ ಮಾಡಿ ಎರಡು ಹಿಡಿ ಹಾಕುತ್ತೇನೆ. ತಮ್ಮ ಮೊದಲು ಒಪ್ಪಲಿಲ್ಲ, ಈಗ ಅವನೇ ಕೇಳುತ್ತಾನೆ. ಪಲ್ಯವನ್ನು ದೊಡ್ಡ ಸ್ಟೀಲ್ ಪರಾತದಲ್ಲಿ ಹರಡಿ ಫ್ಯಾನಿನ ಕೆಳಗೆ ಪೂರ್ತಿ ತಣ್ಣಗಾಗಲು ಬಿಡಬೇಕು. ಬೆಚ್ಚಗಿನದ್ದನ್ನು ಸುತ್ತಿದರೆ ಅದರ ಹಬೆಗೇ ಹಾಳೆ ನೆನೆದು ಹರಿಯುತ್ತದೆ. ನೂರಕ್ಕೆ ತೊಂಬತ್ತು ಮನೆಯ ಲುಂಪಿಯಾ ಕೆಡುವುದು ಇಲ್ಲೇ, ಈ ಅರ್ಧ ಗಂಟೆ ಕಾಯಲಾಗದೆ. (ತೊಂಬತ್ತು ಎಂಬುದು ನನ್ನ ಸಿಟ್ಟಿನ ಲೆಕ್ಕ, ಸಮೀಕ್ಷೆಯದ್ದಲ್ಲ.)

ಹಾಳೆ ಫ್ರೋಜನ್ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ, ಸ್ಪ್ರಿಂಗ್ ರೋಲ್ ಶೀಟ್ ಎಂದು ಕೇಳಿ. ಅದು ಸಿಗದಿದ್ದರೆ ಸಮೋಸಾ ಪಟ್ಟಿ. ರಂಜಾನಿನ ಹೊತ್ತಿಗೆ ಮೊಹಮ್ಮದ್ ಅಲಿ ರಸ್ತೆಯಲ್ಲಂತೂ ರಾಶಿ ರಾಶಿ. ಪಟ್ಟಿ ಅಗಲ ಕಡಿಮೆಯಾದ್ದರಿಂದ ಎರಡನ್ನು ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಇಟ್ಟು ಮೈದಾ ಅಂಟಿನಿಂದ ಕೂಡಿಸಬೇಕಾಗುತ್ತದೆ. ಮನೆಯಲ್ಲೇ ಮಾಡುವುದಾದರೆ ಮೈದಾ ಮತ್ತು ಕಾರ್ನ್‌ಫ್ಲೋರನ್ನು ತೆಳ್ಳಗೆ ಕಲಸಿ, ಸಣ್ಣ ಉರಿಯ ನಾನ್‌ಸ್ಟಿಕ್ ತವಾಕ್ಕೆ ಬ್ರಷ್ಷಿನಲ್ಲಿ ಬಳಿದು, ಅಂಚು ಎದ್ದ ಕೂಡಲೇ ತೆಗೆಯಬೇಕು. ನೀರುದೋಸೆಯಲ್ಲೇ ಆಗಬಾರದೇಕೆ ಎಂದು ನಾನು ಒಮ್ಮೆ ಪ್ರಯತ್ನಿಸಿದೆ. ಸುತ್ತುವಾಗಲೇ ಬಿರಿಯಿತು, ಕರಿದಾಗ ಎಣ್ಣೆ ಕುಡಿಯಿತು. ನೀರುದೋಸೆ ನೀರುದೋಸೆಯಾಗಿಯೇ ಇರಲಿ.

ನಮ್ಮ ಹೋಟೆಲುಗಳ ಸ್ಪ್ರಿಂಗ್ ರೋಲಿಗಿಂತ ಲುಂಪಿಯಾ ತೆಳ್ಳಗೆ. ತೋರುಬೆರಳಿನ ಗಾತ್ರ, ಹೆಚ್ಚೆಂದರೆ ಹೆಬ್ಬೆರಳಿನದ್ದು. ದಪ್ಪ ಸುತ್ತಿದರೆ ತರಕಾರಿ ಜಾಸ್ತಿ, ನೀರು ಜಾಸ್ತಿ. ಬಿಗಿಯಾಗಿ ಸುತ್ತಬೇಕು, ಸಡಿಲವಾದರೆ ಎಣ್ಣೆ ಒಳಗೆ ಹೋಗುತ್ತದೆ. ಮೂವತ್ತು ತುಂಡು ಒಬ್ಬರೇ ಸುತ್ತಲು ಒಂದು ಗಂಟೆ ಬೇಕು, ಸೊಂಟ ನೋಯುತ್ತದೆ, ಇಪ್ಪತ್ತನೆಯದರ ಹೊತ್ತಿಗೆ ಬೇಸರ ಬಂದು ದಪ್ಪ ಸುತ್ತಲು ಶುರುಮಾಡುತ್ತೇವೆ. ಐದು ಜನ ಕೂತರೆ ಕಾಲು ಗಂಟೆಯೂ ಬೇಡ. ಫಿಲಿಪೀನ್ಸ್‌ನಲ್ಲಿ ಹಬ್ಬ, ಹುಟ್ಟುಹಬ್ಬ ಎಂದರೆ ಮನೆಮಂದಿ ಒಟ್ಟಿಗೆ ಕೂತು ನೂರಾರು ಸುತ್ತಿ ಫ್ರೀಜರಿನಲ್ಲಿಡುತ್ತಾರೆ. ತಮ್ಮ ಕಲಿತದ್ದೂ ಹಾಗೇ. ಹಡಗು ಬಂದರಿನ ಹೊರಗೆ ಲಂಗರು ಹಾಕಿ ತಿಂಗಳುಗಟ್ಟಲೆ ನಿಂತಿದ್ದಾಗ, ಭಾನುವಾರ ಮಧ್ಯಾಹ್ನ ಮೆಸ್ ಮೇಜಿನ ಸುತ್ತ ಹತ್ತು ಹನ್ನೆರಡು ಗಂಡಸರು. ಇಂಜಿನ್ ಎಣ್ಣೆಯ ಕಪ್ಪು ಉಗುರಿನಿಂದ ಹೋಗದ ಕೈಗಳು ಲುಂಪಿಯಾ ಸುತ್ತುತ್ತಿದ್ದವಂತೆ. ಮನೆಗೆ ಹೋಗುವುದು ಯಾವಾಗ ಎಂದು ಯಾರಿಗೂ ತಿಳಿಯದ ದಿನಗಳಲ್ಲಿ ವಾರಕ್ಕೊಮ್ಮೆ ಸಿಗುತ್ತಿದ್ದ ಸಮಾಧಾನ ಅದೊಂದೇ ಎಂದ. ಕರಿಯುವ ಪಾಳಿ ಸರದಿಯ ಮೇಲೆ. ಬಾಣಲೆಯ ಮುಂದಿದ್ದವನು ತನ್ನ ಕಂತಿನ ಮೊದಲ ತುಂಡು ತಾನೇ ತಿನ್ನಬೇಕು. ಉಪ್ಪು ನೋಡುವ ನೆಪ. ನಂತರ ಅವನು ಕೂರಬೇಕು, ಇನ್ನೊಬ್ಬ ಏಳಬೇಕು.

ಇದನ್ನು ಕೇಳಿ ನಾನು ಅವನಿಗೆ ಹೇಳಿದ್ದು ಸ್ವಲ್ಪ ಒರಟಾಗಿತ್ತು. ಹಡಗಿನಲ್ಲಿ ಹೆಂಗಸರಿಲ್ಲ, ಅದಕ್ಕೇ ನಿಮಗೆ ಇದೆಲ್ಲ ಬಂತು ಎಂದೆ. ಅವನು ನಗಲಿಲ್ಲ. "ಹೌದು ಅಕ್ಕ" ಎಂದ.

ಒಟ್ಟಿಗೆ ಕೂತು ತಿಂಡಿಯ ಕೆಲಸ ಮಾಡುವುದು ಈ ಊರಿಗೆ ಹೊಸದಲ್ಲ. ಗಿರಗಾಂವ್‌ನ ಒಂದು ಕಟ್ಟಡದ ತಾರಸಿಯಲ್ಲಿ 1959ರ ಮಾರ್ಚ್ 15ರಂದು ಏಳು ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸಲು ಕೂತರು, ಅದೇ ಇವತ್ತಿನ ಲಿಜ್ಜತ್. ನಮ್ಮ ಚಾಳಿನಲ್ಲೂ ಏಪ್ರಿಲ್ ಬಂದರೆ ಹಪ್ಪಳ, ಸಂಡಿಗೆ. ಮರಾಠಿ, ಕೊಂಕಣಿ, ತುಳು, ಕುಂದಾಪ್ರ ಕನ್ನಡ ಒಂದೇ ಚಾಪೆಯ ಮೇಲೆ. ಲಿಜ್ಜತ್‌ನ ಹೆಂಗಸರು ಆ ಕೆಲಸಕ್ಕೆ ಬೆಲೆ ಕಟ್ಟಿ ಅದನ್ನು ಸಂಸ್ಥೆ ಮಾಡಿದರು, ದೊಡ್ಡ ಮಾತು. ಆದರೆ ಚಾಪೆಯ ಮೇಲೆ ಹೆಂಗಸರೇ ಇದ್ದರು ಎನ್ನುವುದೂ ನಿಜ. ಲಟ್ಟಿಸಲು ಹತ್ತು ಕೈ, ಊಟದ ಹೊತ್ತಿಗೆ ಅದನ್ನು ಕರಿಯಲು ಮತ್ತೆ ಒಂದೇ ಕೈ.

ಆ ಭಾನುವಾರ ನಮ್ಮ ಮನೆಯಲ್ಲಿ ಹಾಸಿದ್ದು ಹಳೆಯ ಲೋಕಸತ್ತಾ ಪೇಪರು. ತಮ್ಮ, ಅವನ ಹೆಂಡತಿ, ನನ್ನ ಗಂಡ, ಮಗಳು, ನಾನು. ಅಮ್ಮನಿಗೂ ಒಂದು ಜಾಗ. ನನ್ನ ಗಂಡ ಸುತ್ತಿದ್ದು ಒಂದೊಂದೂ ಒಂದೊಂದು ಆಕಾರ, ಒಂದನ್ನಂತೂ ಪಾರ್ಸೆಲ್ ಕಟ್ಟಿದಂತೆ ಕಟ್ಟಿದ್ದರು. ಅಪ್ಪಯ್ಯ ಎಪ್ಪತ್ತೆಂಟರವರು, ಕುರ್ಚಿಯಲ್ಲಿ ಕೂತು ಟಿವಿ ನೋಡುತ್ತಿದ್ದರು. ಕರಿಯಲು ಎದ್ದವನು ತಮ್ಮ. ಎಣ್ಣೆ ಎರಡಂಗುಲ, ಸುಮಾರು 175 ಡಿಗ್ರಿ ಬೇಕು. ನಮ್ಮ ಮನೆಯಲ್ಲಿ ಥರ್ಮಾಮೀಟರ್ ಎಲ್ಲಿಂದ ಬರಬೇಕು? ಅವನು ಹಾಳೆಯ ಚೂರು ಹಾಕಿ ನೋಡಿದ, ಮೇಲೆ ಬಂತು, ಐದು ತುಂಡು ಬಿಟ್ಟ. ಬಣ್ಣ ಬಂದ ಕೂಡಲೇ ತೆಗೆಯಲು ಹೊರಟಾಗ ಹಿಂದಿನಿಂದ ಅಪ್ಪಯ್ಯನ ದನಿ: "ಇನ್ನೂ ನೀರಿತ್ತ್, ಕಾಯಿ."

ಕುಂದಾಪುರದ "ಇತ್ತ್" ಅಂದರೆ "ಇದೆ" ಎಂದು ಅರ್ಥ. ಅವರು ಯಾವಾಗ ಎದ್ದು ಬಂದರೋ ಯಾರೂ ನೋಡಲಿಲ್ಲ. ಬಾಣಲೆಯಲ್ಲಿ ಏಳುವ ಗುಳ್ಳೆಗಳು ಎಣ್ಣೆಯವಲ್ಲ, ಹಿಟ್ಟಿನಿಂದ ಹೊರಬರುವ ನೀರಿನ ಆವಿ. ಗುಳ್ಳೆ ಜೋರಾಗಿರುವ ತನಕ ಹಾಳೆಯಲ್ಲಿ ನೀರಿದೆ ಎಂದರ್ಥ, ಬಣ್ಣ ಬಂದಿದ್ದರೂ ಸರಿ. ಗುಳ್ಳೆ ಸಣ್ಣದಾಗಿ, ಸದ್ದು ತಗ್ಗಿದಾಗ ತೆಗೆಯಬೇಕು. ಬೇಗ ಬಣ್ಣ ಬಂದರೆ ಉರಿ ಜಾಸ್ತಿಯಾಗಿದೆ ಎಂದು ತಿಳಿದು ತಗ್ಗಿಸಬೇಕು. ಇದಿಷ್ಟನ್ನು ಅವರು ನಾಲ್ಕು ಮಾತಿನಲ್ಲಿ ಹೇಳಿ ತಮ್ಮನ ಕೈಯಿಂದ ಜಾಲರಿ ಸೌಟು ತೆಗೆದುಕೊಂಡರು. ತೆಗೆದ ತುಂಡುಗಳನ್ನು ತಟ್ಟೆಯಲ್ಲಿ ಮಲಗಿಸಲು ಬಿಡಲಿಲ್ಲ. ತೂತಿನ ಪಾತ್ರೆಯಲ್ಲಿ ಒಂದಕ್ಕೊಂದು ತಾಗದಂತೆ ನೆಟ್ಟಗೆ ನಿಲ್ಲಿಸಿದರು. ಪೇಪರಿನ ಮೇಲೆ ರಾಶಿ ಹಾಕಿದರೆ ಕೆಳಗಿನದ್ದು ಮೇಲಿನದ್ದರ ಹಬೆಗೇ ಮೆತ್ತಗಾಗುತ್ತದೆ. ಮೂವತ್ತು ವರ್ಷದ ವಿದ್ಯೆ ಮನೆಯೊಳಗೆ ಬಂದದ್ದು ಅದೇ ಮೊದಲು.

ಮೊದಲ ತುಂಡನ್ನು ತಮ್ಮ ಅಪ್ಪಯ್ಯನಿಗೆ ಕೊಟ್ಟ, ನಿಯಮದಂತೆ. ಅವರು ಅದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಗೊತ್ತಾಯಿತು, ಹೋಟೆಲಿನಲ್ಲಿ ಅವರೂ ಬಿಸಿ ವಡೆ ತಿಂದವರಲ್ಲ. ಗಿರಾಕಿಗೆ ಮೊದಲು, ಕೆಲಸಗಾರರ ಊಟ ಮೂರು ಗಂಟೆಗೆ, ಬೆಳಗ್ಗಿನದ್ದು ಉಳಿದಿದ್ದರೆ ಉಳಿದದ್ದು. ಗಂಡ ಫೋರ್ಟಿನಲ್ಲಿ, ಹೆಂಡತಿ ಭಾಂಡುಪಿನಲ್ಲಿ, ಇಬ್ಬರೂ ಊರಿಗೆಲ್ಲ ಕರಿದು ತಣ್ಣಗಾದದ್ದನ್ನು ತಿಂದರು. ನಾನು ಅಮ್ಮನದ್ದನ್ನು ಮಾತ್ರ ಲೆಕ್ಕ ಹಾಕಿದ್ದೆ.

ಅಮ್ಮನಿಗೆ ಎರಡನೆಯದು ಕೊಟ್ಟೆವು. ಎಪ್ಪತ್ತೊಂದು ವರ್ಷದವಳಿಗೆ ಬಿಸಿಯದ್ದನ್ನು ಹೇಗೆ ಕಚ್ಚಬೇಕೆಂದು ಗೊತ್ತಿರಲಿಲ್ಲ, ನಾಲಿಗೆ ಸುಟ್ಟುಕೊಂಡಳು, ಬೈದಳು. ನಾನು ಬಯಸಿದ್ದಂಥ ದೃಶ್ಯವಾಗಿರಲಿಲ್ಲ ಅದು. ಮೇಲಾಗಿ ತನ್ನ ಅಡುಗೆಮನೆಯಲ್ಲಿ ಇಷ್ಟು ಜನ ನಿಂತದ್ದು, ಅರ್ಧ ಕಿಲೋ ಎಣ್ಣೆ ಉಳಿದದ್ದು, ಕಟ್ಟೆಯೆಲ್ಲ ಜಿಡ್ಡಾದದ್ದು ಅವಳಿಗೆ ಸ್ವಲ್ಪವೂ ಇಷ್ಟವಾಗಲಿಲ್ಲ. ಜಾಗ ಬಿಟ್ಟುಕೊಡುವುದು ಕೂಡ ಸುಲಭವಲ್ಲ ಎಂದು ಗೊತ್ತಾದದ್ದು ಆಗ. ಮೂರನೆಯದಕ್ಕೆ ಮಾತ್ರ ಅವಳೇ ಕೈ ಚಾಚಿದಳು.

ಅದ್ದಿಕೊಳ್ಳಲು ಕೆಂಪು ಸಿಹಿ ಸಾಸ್ ಬೇಡ. ತೆಂಗಿನ ವಿನೆಗರಿಗೆ ಜಜ್ಜಿದ ಬೆಳ್ಳುಳ್ಳಿ, ಸೂಜಿಮೆಣಸು, ಕಾಳುಮೆಣಸು, ಉಪ್ಪು, ಚಿಟಿಕೆ ಸಕ್ಕರೆ. ಒಂದು ದಿನ ಮೊದಲೇ ಮಾಡಿಟ್ಟರೆ ಇನ್ನೂ ಒಳ್ಳೆಯದು. ಹುಳಿಯೊಂದೇ ಎಣ್ಣೆಯನ್ನು ಕಡಿಯುವುದು. ಫಿಲಿಪೀನ್ಸ್‌ನಿಂದ ತರಿಸಬೇಕಿಲ್ಲ, ಬಾಂದ್ರಾ, ವಸಯಿ ಕಡೆಯ ಕ್ರೈಸ್ತರ ಅಂಗಡಿಗಳಲ್ಲಿ ಕೇಳಿ. ಮಂಗಳೂರು, ಗೋವಾದವರಿಗೆ ಕಳ್ಳಿನ ವಿನೆಗರ್ ಹೊಸದೇನಲ್ಲ.

ಏರ್ ಫ್ರೈಯರ್ ಬಗ್ಗೆ ಮಗಳ ಜೊತೆ ನನಗೆ ಜಗಳವಿದೆ. ಹಾಳೆಗೆ ಎಣ್ಣೆ ಸವರಿ ಇಟ್ಟರೆ ಆಗುತ್ತದೆ, ಯಾರೂ ನಿಲ್ಲಬೇಕಿಲ್ಲ, ನಿಮ್ಮ ಸಮಸ್ಯೆಯೇ ಮುಗಿಯಿತಲ್ಲ ಎನ್ನುತ್ತಾಳೆ. ಅವಳ ಮಾತು ಅರ್ಧ ಸರಿ. ಗರಿಗರಿ ಬರುತ್ತದೆ, ಸ್ವಲ್ಪ ಒಣಕಲು. ಇಬ್ಬರೇ ಇರುವ ಮನೆಯಲ್ಲಿ ನಾನೂ ಅದನ್ನೇ ಮಾಡಿ ಎನ್ನುತ್ತೇನೆ. ಆದರೆ ಒಂದು ಸಲಕ್ಕೆ ಎಂಟು ತುಂಡು, ಹನ್ನೆರಡು ನಿಮಿಷ. ಏಳು ಜನರಿಗೆ ಅದು ಕಾಯುವ ಆಟ. ಮೊಬೈಲಿನಲ್ಲಿ ತರಿಸಿಕೊಳ್ಳುವುದನ್ನಂತೂ ಕೇಳಲೇಬೇಡಿ. ಮುಚ್ಚಿದ ಡಬ್ಬಿಯಲ್ಲಿ ತನ್ನ ಹಬೆಯಲ್ಲೇ ಮಿಂದು ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಕೂತು ಬಂದ ಸ್ಪ್ರಿಂಗ್ ರೋಲಿಗೆ ಮನೆಯಲ್ಲಿ ಕಡೆಗೆ ತಿನ್ನುವವರು ಮಾತ್ರ ಅಲ್ಲ, ಎಲ್ಲರೂ ಕಡೆಗೆ ತಿನ್ನುವವರೇ.

ಎಲ್ಲರೂ ಒಂದೇ ದಿನ ಸಿಗುವುದು ಮುಂಬಯಿಯಲ್ಲಿ ಕಷ್ಟ, ಒಪ್ಪುತ್ತೇನೆ. ಅದಕ್ಕೇ ಫ್ರೀಜರ್. ಸಿಕ್ಕ ಭಾನುವಾರ ನೂರು ಸುತ್ತಿ, ತಟ್ಟೆಯಲ್ಲಿ ಬಿಡಿಬಿಡಿಯಾಗಿಟ್ಟು ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ. ಬೇಕಾದಾಗ ಐದಾರು ತೆಗೆದು, ಕರಗಲು ಬಿಡದೆ ನೇರ ಎಣ್ಣೆಗೆ. ಕರಗಿದರೆ ಹಾಳೆ ಒದ್ದೆಯಾಗಿ ಹರಿಯುತ್ತದೆ. ಉರಿ ಸ್ವಲ್ಪ ತಗ್ಗಿಸಿ, ಎರಡು ನಿಮಿಷ ಹೆಚ್ಚು ಬಿಡಿ. ಕರಿಯುವವರು ಮೊದಲ ತುಂಡು ತಿನ್ನಲಿ, ಅಲ್ಲೇ ನಿಂತು. ಮೇಜಿನ ಮೇಲೆ ಬಡಿಸುವ ಶಾಸ್ತ್ರವನ್ನು ಲುಂಪಿಯಾದ ದಿನ ಬಿಟ್ಟುಬಿಡಿ, ತಿನ್ನುವವರು ಅಡುಗೆಮನೆಗೆ ಬರಲಿ.

ನಮ್ಮ ಮನೆ ಅದರಿಂದ ಬದಲಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಸೋಮವಾರ ಅಪ್ಪಯ್ಯ ಮತ್ತೆ ಚಹಾಕ್ಕೆ ಕೂತು ಕಾದರು. ಲುಂಪಿಯಾದ ದಿನ ಮಾತ್ರ ಜಾಲರಿ ಸೌಟು ಅವರದ್ದು, ಅದೂ ತಮ್ಮ ಊರಿನಲ್ಲಿದ್ದಾಗ. ಕಳೆದ ಸಲ ಮೂವತ್ತರಲ್ಲಿ ನಾಲ್ಕು ಒಡೆದವು, ಹೆಚ್ಚಿನವು ನನ್ನ ಗಂಡ ಸುತ್ತಿದವು. ಅಮ್ಮ ಹಳೆ ಅಭ್ಯಾಸದಂತೆ ಒಡೆದವನ್ನು ತನ್ನ ತಟ್ಟೆಗೆ ಎಳೆದುಕೊಳ್ಳಲು ಹೋದಳು. "ಅದ್ ನಂಗಿರ್ಲಿ" ಎಂದು ಅಪ್ಪಯ್ಯ ಬಾಣಲೆಯಿಂದ ಕಣ್ಣು ತೆಗೆಯದೆ ಹೇಳಿದರು.